'ಕ್ರೂಪಿಯರ್' ನೋಟ್‌ಬುಕ್: ಮೇಜು ಸಿದ್ಧ, ಕೈ ಪಳಗುತ್ತಿದೆ

ಕೆಲಸ ಅರ್ಧ ದಾರಿ ದಾಟಿತು. ಈಗಷ್ಟೇ ಓದಲು ಬಂದವರಿಗೆ ಎರಡು ಮಾತು. 1998ರ ಬ್ರಿಟಿಷ್ ಸಿನಿಮಾ 'ಕ್ರೂಪಿಯರ್' ಅನ್ನು ದೃಶ್ಯ ದೃಶ್ಯವಾಗಿ ಬಿಡಿಸಿ ನೋಟ್‌ಬುಕ್ ಬರೆಯುತ್ತಿದ್ದೇನೆ. ಜೊತೆಗೆ ಮನೆಯಲ್ಲೇ ರೂಲೆಟ್ ಮೇಜು ಹಾಕಿಕೊಂಡು, ಆ ಮೇಜಿನ ಹಿಂದೆ ನಿಲ್ಲುವವನ ಕೈಕೆಲಸ ಕಲಿಯುತ್ತಿದ್ದೇನೆ. ರೂಲೆಟ್ ಅಂದರೆ ತಿರುಗುವ ಚಕ್ರದಲ್ಲಿ ಗೋಲಿ ಯಾವ ನಂಬರಿನ ಮನೆಯಲ್ಲಿ ನಿಲ್ಲುತ್ತದೆ ಅಂತ ಪಣ ಕಟ್ಟುವ ಜೂಜು. ಆ ಮೇಜು ನಡೆಸುವವನೇ ಕ್ರೂಪಿಯರ್. ಎರಡೂ ಒಂದು ಹದಕ್ಕೆ ಬಂದಮೇಲೆ ನಮ್ಮ ಸಿನಿಮಾ ಬಳಗಕ್ಕೆ ತೋರಿಸಬೇಕು ಅಂತ ಆಸೆ.

ಸಿನಿಮಾ ನೋಡೋಕೆ ಮೇಜು ಯಾಕೆ ಅಂತ ಬಹಳ ಜನ ಕೇಳಿದರು. ಕಾರಣ ಇದೆ. ಇದು ಅಪರಾಧದ ಕಥೆ. ಆದರೆ ಮುಕ್ಕಾಲು ಪಾಲು ಸಿನಿಮಾದಲ್ಲಿ ನಾವು ನೋಡುವುದು ಒಬ್ಬ ಮನುಷ್ಯ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವುದನ್ನು. ಚಕ್ರ ತಿರುಗಿಸುತ್ತಾನೆ, ಗೋಲಿ ಬಿಡುತ್ತಾನೆ, ಚಿಪ್ಸ್ (ದುಡ್ಡಿನ ಬದಲು ಇಡುವ ಬಿಲ್ಲೆಗಳು) ಎಳೆದುಕೊಳ್ಳುತ್ತಾನೆ, ಎಣಿಸಿ ಕೊಡುತ್ತಾನೆ. ನಿಧಾನ ಅಂತ ಹೇಳಿ ಅರ್ಧಕ್ಕೇ ಎದ್ದುಹೋಗುವವರು ಇಲ್ಲೇ ಏಳುತ್ತಾರೆ. ನನಗೆ ಅನ್ನಿಸುವುದೇ ಬೇರೆ. ಆ ಕೆಲಸ ಎಷ್ಟು ಕಷ್ಟದ್ದು, ಅದರಲ್ಲಿ ತಪ್ಪು ಎಲ್ಲಿ ನುಸುಳಬಹುದು ಅಂತ ಗೊತ್ತಿದ್ದರೆ ಪ್ರತಿ ನಿಮಿಷವೂ ಬಿಗಿಯಾಗಿರುತ್ತದೆ. ಅದನ್ನು ಪರೀಕ್ಷೆ ಮಾಡಿ ನೋಡುವುದೇ ಈ ಇಡೀ ಕೆಲಸದ ಉದ್ದೇಶ.

ಕಥೆ ಇಷ್ಟು. ಜಾಕ್ ಮ್ಯಾನ್‌ಫ್ರೆಡ್ ಲಂಡನ್ನಿನಲ್ಲಿ ನೆಲಮಾಳಿಗೆಯ ಮನೆಯೊಂದರಲ್ಲಿ ಗೆಳತಿ ಮೇರಿಯನ್ ಜೊತೆ ಇದ್ದಾನೆ. ಕಾದಂಬರಿ ಬರೆಯಬೇಕು, ಬರೆಯಲಾಗುತ್ತಿಲ್ಲ, ಕೈಯಲ್ಲಿ ಕಾಸಿಲ್ಲ. ದಕ್ಷಿಣ ಆಫ್ರಿಕಾದಲ್ಲಿರುವ ಅಪ್ಪ ಫೋನ್ ಮಾಡಿ 'ಗೋಲ್ಡನ್ ಲಯನ್' ಅನ್ನೋ ಕ್ಯಾಸಿನೋದಲ್ಲಿ ಕೆಲಸಕ್ಕೆ ದಾರಿ ಮಾಡಿಕೊಡುತ್ತಾನೆ. ಜಾಕ್‌ಗೆ ಆ ಕೆಲಸ ಹಳೆಯದು, ಕೈಗೆ ಹತ್ತಿದ್ದು. ಆದರೆ ತಾನು ಮಾತ್ರ ಜೂಜಾಡುವುದಿಲ್ಲ. ಆ ಪಾತ್ರ ಕ್ಲೈವ್ ಓವೆನ್ ಅವರದು, ಮೇರಿಯನ್ ಪಾತ್ರ ಜೀನಾ ಮೆಕ್‌ಕೀ ಅವರದು. ಬರೆದವರು ಪಾಲ್ ಮೇಯರ್ಸ್‌ಬರ್ಗ್, ನಿರ್ದೇಶನ ಮೈಕ್ ಹಾಡ್ಜಸ್. ಕೊನೆ ಏನಾಗುತ್ತದೆ ಅಂತ ಈ ಬರಹಗಳಲ್ಲಿ ಎಲ್ಲೂ ಹೇಳುವುದಿಲ್ಲ, ಧೈರ್ಯವಾಗಿ ಓದಿ.

ಮೇಜು

ಚಿಕ್ಕಪೇಟೆಯಲ್ಲಿ ದಪ್ಪ ಹಸಿರು ಬಟ್ಟೆ ಸಿಕ್ಕಿತು. ಊಟದ ಮೇಜಿನ ಮೇಲೆ ಹಾಸಿ, ಬಿಳಿ ಬಣ್ಣದಲ್ಲಿ ಗೆರೆ ಎಳೆದೆ. ಅಡ್ಡಕ್ಕೆ ಮೂರು ಮನೆ, ಉದ್ದಕ್ಕೆ ಹನ್ನೆರಡು ಸಾಲು, ತಲೆಯಲ್ಲಿ ಒಂದು ಸೊನ್ನೆ. ಬ್ರಿಟನ್ನಿನ ರೂಲೆಟ್‌ನಲ್ಲಿ ಒಂದೇ ಸೊನ್ನೆ. ಅಮೆರಿಕದ ಚಕ್ರದಲ್ಲಿ ಸಾಮಾನ್ಯವಾಗಿ ಎರಡು ಇರುತ್ತವೆ. ಹಾಗಾಗಿ ಇಲ್ಲಿ ಒಟ್ಟು 37 ಮನೆ. ಚಕ್ರ ಕೊಳ್ಳಲಿಲ್ಲ. ನನಗೆ ಬೇಕಾಗಿರುವುದು ಗೋಲಿ ನಿಂತ ಮೇಲಿನ ಕೆಲಸ. ಅದಕ್ಕೆ ಡಬ್ಬಿಯಲ್ಲಿ ಚೀಟಿ ಹಾಕಿ ಎತ್ತಿದರೆ ಸಾಕು.

ಇನ್ನೊಂದು ಮಾತು. ಇಲ್ಲಿ ದುಡ್ಡು ಇಲ್ಲ. ನಮ್ಮಲ್ಲಿ ದುಡ್ಡಿಟ್ಟು ರೂಲೆಟ್ ಆಡುವಂತಿಲ್ಲ, ಕ್ಯಾಸಿನೋ ನೋಡಬೇಕು ಅಂದವರು ಗೋವಾದಂಥ ಕಡೆ ಹೋಗಬೇಕು. ನನ್ನ ಮೇಜಿನ ಚಿಪ್ಸ್‌ಗೆ ಯಾವ ಬೆಲೆಯೂ ಇಲ್ಲ.

ಕೈ

ಈಚೆಗೆ ಹೆಚ್ಚು ಹೊತ್ತು ಹೋಗುತ್ತಿರುವುದು ಇದಕ್ಕೇ. ರೂಲೆಟ್‌ನಲ್ಲಿ ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಬಣ್ಣದ ಚಿಪ್ಸ್. ಇಪ್ಪತ್ತರ ಕಟ್ಟು. ಕೊಡುವಾಗ ಕಟ್ಟನ್ನು ಬೆರಳಲ್ಲೇ ಐದೈದಾಗಿ ಕತ್ತರಿಸಿ ಮೇಜಿನ ಮೇಲೆ ಇಡಬೇಕು. ಆಗ ಎದುರಿಗಿರುವವನಿಗೂ, ಮೇಲಿನ ಕ್ಯಾಮೆರಾಕ್ಕೂ ಲೆಕ್ಕ ಕಾಣುತ್ತದೆ. ಹೆಬ್ಬೆರಳು ಮತ್ತು ನಡುಬೆರಳಲ್ಲಿ ಕಟ್ಟನ್ನು ಹಿಡಿದು, ತೋರುಬೆರಳಿನಿಂದ ಎತ್ತರ ಅಳೆದು, ಐದು ಆದ ಕೂಡಲೇ ಬಿಡಬೇಕು. ಕಣ್ಣು ಆಗ ಚಿಪ್ಸ್ ಮೇಲಿರಬಾರದು, ಮೇಜಿನ ಮೇಲಿರಬೇಕು. ಐದು ಎಷ್ಟು ದಪ್ಪ ಅಂತ ಬೆರಳಿಗೇ ಗೊತ್ತಾಗಬೇಕು. ನನ್ನ ಬಲಗೈಗೆ ಅದು ಈಗ ಬಂದಿದೆ. ಎಡಗೈಗೆ ಬರುತ್ತಿದೆ.

ಗೋಲಿ ನಿಂತ ಮೇಲೆ ಒಂದು ಕ್ರಮ ಇದೆ. ನಂಬರ್ ಕೂಗಬೇಕು. ಗೆದ್ದ ಮನೆಯ ಮೇಲೆ ಗುರುತಿನ ಕಂಬ ಇಡಬೇಕು. ಅದಕ್ಕೆ ಅವರು ಡಾಲಿ ಅನ್ನುತ್ತಾರೆ. ಸೋತ ಚಿಪ್ಸ್ ಎಲ್ಲ ಎಳೆದುಕೊಳ್ಳಬೇಕು. ಆಮೇಲಷ್ಟೇ ಗೆದ್ದವರಿಗೆ ಕೊಡುವುದು. ಮೇಜು ಬಿಟ್ಟು ಹೋಗುವಾಗ ಎರಡೂ ಅಂಗೈ ತಿರುಗಿಸಿ ತೋರಿಸಬೇಕು, ಕೈಯಲ್ಲಿ ಏನೂ ಇಲ್ಲ ಅಂತ. ಸಿನಿಮಾದಲ್ಲಿ ಓವೆನ್ ಅಂಗೈ ತೋರಿಸುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಮೊದಲು ನೋಡಿದಾಗ ಅದು ನಟನ ಗತ್ತು ಅಂದುಕೊಳ್ಳುತ್ತೇವೆ. ಆ ಕೆಲಸದಲ್ಲಿ ಅದು ದಿನಕ್ಕೆ ಎಷ್ಟೋ ಸಲ ಮಾಡಲೇಬೇಕಾದ ಪ್ರಮಾಣ.

ಲೆಕ್ಕ ಇನ್ನೊಂದು ಲೋಕ. ಒಂದೇ ನಂಬರಿನ ಮೇಲಿಟ್ಟರೆ ಒಂದಕ್ಕೆ 35. ಎರಡು ನಂಬರಿನ ನಡುವಿನ ಗೆರೆ ಮೇಲಿಟ್ಟರೆ 17. ಮೂರರ ಸಾಲಿಗೆ 11. ನಾಲ್ಕು ಮನೆ ಸೇರುವ ಮೂಲೆಗೆ 8. ಎರಡು ಸಾಲಿನ ಆರಕ್ಕೆ 5. ಕ್ರೂಪಿಯರ್ ತರಬೇತಿಗೆ ಹೋದವರು ಈ ಮಗ್ಗಿಗಳನ್ನು ಬಾಯಿಪಾಠ ಮಾಡುತ್ತಾರೆ. ಅದರ ಮೇಲೆ ಇನ್ನೊಂದು ಮೆಟ್ಟಿಲು: ಚಿಪ್ಸ್ ಕೂತಿರುವ ಚಿತ್ರ ನೋಡಿದ ಕೂಡಲೇ ಒಟ್ಟು ಎಷ್ಟು ಅಂತ ಹೇಳುವುದು.

ಅಕ್ಕನ ಮಗಳು ಬಿ.ಕಾಂ ಓದುತ್ತಿದ್ದಾಳೆ. ರಜೆಗೆ ಬಂದಿದ್ದಳು. 17ರ ಸುತ್ತ ಚಿಪ್ಸ್ ಜೋಡಿಸಿ ಅವಳ ಮುಂದಿಟ್ಟೆ. ನಂಬರ್ ಮೇಲೆ ಒಂದು, ನಾಲ್ಕು ಗೆರೆಗಳ ಮೇಲೆ ಒಂದೊಂದು, ನಾಲ್ಕು ಮೂಲೆಗೆ ಒಂದೊಂದು, 16-17-18ರ ಸಾಲಿಗೆ ಒಂದು, ಮೇಲಿನ ಕೆಳಗಿನ ಆರಕ್ಕೆ ಒಂದೊಂದು. ಒಟ್ಟು ಹನ್ನೆರಡು ಚಿಪ್ಸ್. ಅವಳು ಪೆನ್ನೇ ಮುಟ್ಟಲಿಲ್ಲ. "35, ಅದಕ್ಕೆ 68, ಅದಕ್ಕೆ 32, ಆಮೇಲೆ 11, 10. ನೂರೈವತ್ತಾರು, ಮಾಮ."

ಕ್ರೂಪಿಯರ್ ಹೀಗೆ ಕೂಡುತ್ತಾ ಕೂರುವುದಿಲ್ಲ. ನಂಬರ್ ಮತ್ತು ನಾಲ್ಕು ಗೆರೆ ಕಂಡರೆ 103. ಮೂಲೆಗಳೂ ಸೇರಿದರೆ 135. ಅಲ್ಲಿಂದ ಮುಂದಕ್ಕೆ ಹೋಗುತ್ತಾನೆ. 103 ಅಂದರೆ ಐದು ಕಟ್ಟು, ಮೇಲೆ ಮೂರು. ಬಾಯಿ ಹೇಳುವ ಮೊದಲೇ ಕೈ ಕಟ್ಟಿನ ಹತ್ತಿರ ಹೋಗಿರುತ್ತದೆ. ಒಂದೇ ಸುತ್ತಿನಲ್ಲಿ ನಾಲ್ಕೈದು ಬಣ್ಣ ಹೀಗೆ ಕೂತಿದ್ದರೆ ಯೋಚಿಸಿ.

ಆಮೇಲೆ ಅವಳೇ ಇನ್ನೊಂದು ಕೇಳಿದಳು. "ಮಾಮ, 35 ಕೊಡ್ತಾರೆ, ನಮ್ಮದೊಂದು ವಾಪಸ್ ಬರುತ್ತೆ, 36 ಆಯ್ತು. ಆದರೆ ಮನೆ 37 ಇವೆ ಅಲ್ವಾ?"

ಇಡೀ ಕ್ಯಾಸಿನೋ ನಿಂತಿರುವುದು ಅವಳು ಕೇಳಿದ ಆ ಒಂದರ ಮೇಲೆ. 37ರಲ್ಲಿ ಒಂದು ಪಾಲು, ಅಂದರೆ ನೂರಕ್ಕೆ 2.70, ಕ್ಯಾಸಿನೋದವರದು. ಮೋಸ ಬೇಡ, ಅವಸರ ಬೇಡ. ಆಟ ನಡೆಯುತ್ತಾ ಇದ್ದರೆ ಸಾಕು. ಜಾಕ್ ಯಾಕೆ ಜೂಜಾಡುವುದಿಲ್ಲ ಅನ್ನುವುದಕ್ಕೆ ಉತ್ತರವೂ ಇಲ್ಲೇ ಇದೆ. ಬೇರೆಯವರು ಗೋಲಿ ನೋಡುತ್ತಾರೆ. ಅವನು ನೋಡುವುದು ಈ ಲೆಕ್ಕವನ್ನು. ಜನ ಸೋಲುವುದನ್ನು ನೋಡುವುದರಲ್ಲಿ ಅವನಿಗೆ ಒಂದು ರುಚಿ ಹತ್ತಿದೆ, ಅದನ್ನು ಸಿನಿಮಾ ಮುಚ್ಚಿಡುವುದಿಲ್ಲ. ಅವನ ಮೇಲೆ ನನಗೆ ಪೂರ್ತಿ ಮೆಚ್ಚುಗೆ ಹುಟ್ಟದೇ ಇರುವುದೂ ಅದಕ್ಕೇ.

ಆ ಮೌನ ಎಲ್ಲಿಂದ ಬಂತು

ನೋಟ್‌ಬುಕ್ಕಿನಲ್ಲಿ ಈ ಭಾಗ ನಾನು ಅಂದುಕೊಂಡಿದ್ದಕ್ಕಿಂತ ಉದ್ದವಾಯಿತು. ಗೋಲ್ಡನ್ ಲಯನ್‌ನಲ್ಲಿ ಗದ್ದಲ ಇಲ್ಲ. ಲಾಸ್ ವೇಗಸ್ ಸಿನಿಮಾಗಳಲ್ಲಿ ಕಾಣುವ ಬಣ್ಣದ ದೀಪ, ಹಾಡು, ಕುಣಿತ ಏನೂ ಇಲ್ಲ. ಕನ್ನಡಿಗಳು, ಮಂದ ಬೆಳಕು, ಸೂಟು ಹಾಕಿದ ಜನ. ನಿರ್ದೇಶಕರ ಅಭಿರುಚಿ ಅಂತ ಹೇಳಿ ಬಿಡಬಹುದು. ಆದರೆ ಇದರ ಹಿಂದೆ ಬ್ರಿಟನ್ನಿನ ಕಾನೂನೂ ಇದೆ.

1960ರ ಕಾಯ್ದೆ ಬಂದಾಗ ಜೂಜಿಗೆ ಬಾಗಿಲು ತೆರೆಯಿತು. ತೆರೆದಿದ್ದು ಸರ್ಕಾರ ಎಣಿಸಿದ್ದಕ್ಕಿಂತ ಅಗಲವಾಗಿ. ಊರೂರಲ್ಲಿ ಕ್ಯಾಸಿನೋ ಎದ್ದವು, ಹಿಂದೆಯೇ ರೌಡಿಗಳೂ ಬಂದರು. ಲಂಡನ್ನಿನ ಕ್ರೇ ಸಹೋದರರು ನೈಟ್ಸ್‌ಬ್ರಿಜ್‌ನ ಎಸ್ಮರಾಲ್ಡಾಸ್ ಬಾರ್ನ್ ಕ್ಲಬ್ಬನ್ನು ಕೈಗೆ ಹಾಕಿಕೊಂಡಿದ್ದು ಆ ಕಾಲದಲ್ಲೇ. ಇದಕ್ಕೆ ಕಡಿವಾಣವಾಗಿ 1968ರ ಗೇಮಿಂಗ್ ಕಾಯ್ದೆ ಬಂತು. ಗೇಮಿಂಗ್ ಬೋರ್ಡ್ ಹುಟ್ಟಿತು. ಕ್ಯಾಸಿನೋಗೆ ಲೈಸೆನ್ಸ್ ಬೇಕು, ಒಳಗೆ ಕೆಲಸ ಮಾಡುವವರಿಗೂ ಬೋರ್ಡಿನ ಒಪ್ಪಿಗೆ ಬೇಕು. ಸದಸ್ಯರಿಗೆ ಮತ್ತು ಅವರು ಕರೆತಂದವರಿಗೆ ಮಾತ್ರ ಪ್ರವೇಶ. ಸದಸ್ಯನಾದ ದಿನವೇ ಆಡುವಂತಿರಲಿಲ್ಲ. ಮೊದಲು 48 ಗಂಟೆ ಕಾಯಬೇಕಿತ್ತು, ಆಮೇಲೆ ಅದು 24 ಗಂಟೆಗೆ ಇಳಿಯಿತು. ಜಾಹೀರಾತು ಹಾಕುವಂತಿಲ್ಲ. ಆಟದ ಕೋಣೆಯಲ್ಲಿ ಹಾಡು ಕುಣಿತ ಇಲ್ಲ, ಮೇಜಿನ ಹತ್ತಿರ ಕುಡಿಯುವಂತಿಲ್ಲ. ಕ್ರೂಪಿಯರ್ ಟಿಪ್ಸ್ ತಗೊಳ್ಳುವಂತಿಲ್ಲ.

ಬೇಕಾದವನು ಬಂದು ಆಡಲಿ, ಯಾರನ್ನೂ ಕರೆಯಬೇಡಿ, ಹುರಿದುಂಬಿಸಬೇಡಿ ಅನ್ನುವುದು ಆ ಕಾನೂನಿನ ಧೋರಣೆ. 2005ರ ಹೊಸ ಕಾಯ್ದೆ 2007ರಲ್ಲಿ ಪೂರ್ತಿ ಜಾರಿಗೆ ಬರುವ ತನಕ ಇದರ ನೆರಳು ಇತ್ತು. ಅಂದಮೇಲೆ ಜಾಕ್ ನಿಂತಿರುವ ಕೋಣೆ ಒಂದು ಆಫೀಸಿನ ಹಾಗೆ ಇರುವುದರಲ್ಲಿ ಆಶ್ಚರ್ಯ ಇಲ್ಲ. ಸಿಬ್ಬಂದಿಗೆ ಹಾಕುವ ನಿಯಮಗಳೂ ಹಾಗೇ ಇವೆ. ಆಡಲು ಬರುವವರ ಜೊತೆ ಹೊರಗೆ ಒಡನಾಟ ಇರಬಾರದು, ಜೊತೆಗೆ ಕೆಲಸ ಮಾಡುವವರ ಜೊತೆ ಸಂಬಂಧ ಇರಬಾರದು. ಕಥೆ ಮುಂದಕ್ಕೆ ಹೋಗುವುದು ಈ ನಿಯಮಗಳು ಒಂದೊಂದಾಗಿ ಮುರಿಯುವುದರಿಂದ. ಗುಂಡು ಹಾರಿಸಿ ಶುರುವಾಗುವ ಕಥೆ ಇದಲ್ಲ.

ವಿಚಿತ್ರ ಅಂದರೆ, ಇಷ್ಟು ಲಂಡನ್ ಅನ್ನಿಸುವ ಆ ಕ್ಯಾಸಿನೋ ಲಂಡನ್ನಿನಲ್ಲಿ ಇರಲೇ ಇಲ್ಲ. ಜರ್ಮನಿಯ ಸ್ಟುಡಿಯೋ ಒಂದರಲ್ಲಿ ಸೆಟ್ ಹಾಕಿದ್ದರು.

ಜಾನಿಯ ಮೇಜು

ಅಲೆಕ್ಸ್ ಕಿಂಗ್‌ಸ್ಟನ್ ಮಾಡಿರುವ ಜಾನಿ ಪಾತ್ರ ಬಂದಮೇಲೆ ಅಪರಾಧ ಒಳಗೆ ಬರುತ್ತದೆ. ಅವಳಿಗೆ ಸಾಲ. ಸಾಲ ಕೊಟ್ಟವರು ಕ್ಯಾಸಿನೋ ದೋಚಬೇಕು ಅಂತಿದ್ದಾರೆ. ಒಳಗಿನವನು ಒಬ್ಬ ಬೇಕು. ಜಾಕ್ ಮಾಡಬೇಕಾದ್ದು ಏನು? ಅವನ ಮೇಜಿನಲ್ಲಿ ಒಬ್ಬ ಮೋಸ ಮಾಡುತ್ತಾನೆ. ಜಾಕ್ ಅದನ್ನು ಹಿಡಿದು ಕೂಗಬೇಕು. ಅಷ್ಟೇ. ಎಲ್ಲರ ಗಮನ ಅತ್ತ ತಿರುಗುತ್ತದೆ.

ನೋಡಿ, ಇದು ಎಷ್ಟು ಸೊಗಸಾದ ಹೆಣಿಗೆ! ಮೋಸಗಾರನನ್ನು ಹಿಡಿಯುವುದು ಕ್ರೂಪಿಯರ್‌ನ ಕರ್ತವ್ಯ. ಜಾಕ್ ತನ್ನ ಕೆಲಸವನ್ನು ಸರಿಯಾಗಿ ಮಾಡುವುದೇ ಅಪರಾಧದಲ್ಲಿ ಅವನ ಪಾಲು. ಅವನ ಕೈ ಎಲ್ಲೂ ತಪ್ಪುವುದಿಲ್ಲ, ಒಂದು ಚಿಪ್ಪೂ ಅತ್ತಿತ್ತ ಆಗುವುದಿಲ್ಲ. ಮೊದಲ ಅರ್ಧದಲ್ಲಿ ಅಷ್ಟು ಹೊತ್ತು ಕೈಗಳನ್ನೇ ತೋರಿಸಿದ್ದು ಯಾಕೆ ಅಂತ ಆಗ ಗೊತ್ತಾಗುತ್ತದೆ. ಆ ಕೈಗಳನ್ನು ನಾವು ನಂಬಿಬಿಟ್ಟಿರುತ್ತೇವೆ.

ಮೇಜಿನಲ್ಲಿ ನಡೆಯುವ ಸಾಮಾನ್ಯ ಮೋಸ ಒಂದನ್ನು ನಾವೂ ಮಾಡಿ ನೋಡಿದೆವು. ಗೋಲಿ ನಿಂತ ಮೇಲೆ ಗೆದ್ದ ನಂಬರಿಗೆ ಚಿಪ್ ಸರಿಸುವುದು. ಅಕ್ಕನ ಮಗಳು ಆ ಕಡೆ ಕೂತು ಸರಿಸುವುದು, ನಾನು ಹಿಡಿಯುವುದು. ನಂಬರ್ ನೋಡಲು ಕ್ರೂಪಿಯರ್ ಕಣ್ಣು ಚಕ್ರದ ಕಡೆ ಹೋಗುವ ಆ ಒಂದು ಕ್ಷಣವೇ ಮೋಸಗಾರರಿಗೆ ಸಿಗುವ ಸಂದು. ಅದಕ್ಕೇ ಚಕ್ರ ನೋಡಿದ ಕೂಡಲೇ ತಲೆ ಮೇಜಿನ ಕಡೆ ತಿರುಗಬೇಕು. ಇದನ್ನು ಮಾಡಿದ ಮೇಲೆ ಮತ್ತೆ ಸಿನಿಮಾ ಹಾಕಿದೆ. ಓವೆನ್ ತಲೆ ತಿರುಗಿಸುವ ರೀತಿಯ ಮೇಲೇ ಈಗ ನನ್ನ ಕಣ್ಣು.

ಧ್ವನಿ

ಜಾಕ್ ತನ್ನ ಕಥೆಯನ್ನು ತಾನೇ ಹಿನ್ನೆಲೆಯಲ್ಲಿ ಹೇಳುತ್ತಾನೆ, ಆದರೆ 'ನಾನು' ಅನ್ನುವುದಿಲ್ಲ, 'ಅವನು' ಅನ್ನುತ್ತಾನೆ. ಬರೆಯುತ್ತಿರುವ ಕಾದಂಬರಿಯ ನಾಯಕನಿಗೆ ಜೇಕ್ ಅಂತ ಹೆಸರು. ಹೋಗ್ತಾ ಹೋಗ್ತಾ ಜಾಕ್ ಯಾರು, ಜೇಕ್ ಯಾರು ಅಂತ ಗಡಿ ಅಳಿಸುತ್ತದೆ. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಮಾಡಿದ್ದೇನೆ: ಕೈ ಏನು ಮಾಡುತ್ತಿದೆ, ಮುಖ ಏನು ಹೇಳುತ್ತಿದೆ, ಧ್ವನಿ ಏನು ಹೇಳುತ್ತಿದೆ. ಮೂರೂ ಒಂದೇ ಮಾತು ಹೇಳುವ ದೃಶ್ಯಗಳು ತೀರಾ ಕಡಿಮೆ. ಈ ಕಾಲಂಗಳು ಇನ್ನೂ ಮೊದಲರ್ಧಕ್ಕೆ ಮಾತ್ರ ತುಂಬಿವೆ.

ಹಾಡ್ಜಸ್

ಅವರ ಬಗ್ಗೆ ಸ್ವಲ್ಪ ಬರೆಯಲೇಬೇಕು. 1971ರಲ್ಲಿ 'ಗೆಟ್ ಕಾರ್ಟರ್' ಮಾಡಿದವರು ಇವರೇ. ಮೈಕೆಲ್ ಕೇನ್ ನ್ಯೂಕಾಸಲ್‌ಗೆ ಹೋಗಿ ಅಣ್ಣನ ಸಾವಿನ ಬೆನ್ನು ಹತ್ತುವ ಕಥೆ. ಅಲ್ಲೂ ಜೂಜಿದೆ, ನಾಣ್ಯ ಹಾಕುವ ಮೆಷಿನ್‌ಗಳ ವ್ಯಾಪಾರದ ರೂಪದಲ್ಲಿ. ಅಷ್ಟು ದೊಡ್ಡ ಹೆಸರಿದ್ದರೂ 'ಕ್ರೂಪಿಯರ್' ಬ್ರಿಟನ್ನಿನಲ್ಲಿ ಸರಿಯಾಗಿ ಬಿಡುಗಡೆಯೇ ಕಾಣಲಿಲ್ಲ. 2000ದಲ್ಲಿ ಅಮೆರಿಕದಲ್ಲಿ ಸಣ್ಣದಾಗಿ ಬಿಡುಗಡೆಯಾಗಿ, ಬಾಯಿಂದ ಬಾಯಿಗೆ ಹರಡಿ ತಿಂಗಳುಗಟ್ಟಲೆ ಓಡಿತು. ಓವೆನ್ ಅವರನ್ನು ಅಲ್ಲಿನ ಜನ ಗುರುತಿಸಿದ್ದು ಇದರಿಂದ. ಆಸ್ಕರ್ ಮಾತು ಬಂದಾಗ, ಮೊದಲೇ ಡಚ್ ಟಿವಿಯಲ್ಲಿ ತೋರಿಸಿದ್ದಾರೆ ಅಂತ ಅರ್ಹತೆಯೇ ಹೋಯಿತು. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಹಾಡ್ಜಸ್ 2022ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು.

ಉಳಿದದ್ದು

ಎರಡನೇ ಅರ್ಧದ ಕಾಲಂಗಳು. ಎಡಗೈ. ಬೇರೆ ಬೇರೆ ಬಣ್ಣದ ಚಿಪ್ಸ್ ರಾಶಿಯಿಂದ ಇಪ್ಪತ್ತರ ಕಟ್ಟು ಕಟ್ಟುವುದು, ಇದು ಬೆರಳಿಗೆ ನಿಜವಾದ ಸಾಣೆ. ಇನ್ನೂ ಎರಡು ಬಣ್ಣದ ಚಿಪ್ಸ್ ತರಿಸಬೇಕು.

ಬಳಗಕ್ಕೆ ತೋರಿಸುವ ಸಂಜೆ ಹೇಗಿರಬೇಕು ಅಂತ ಮಾತ್ರ ತೀರ್ಮಾನ ಆಗಿದೆ. ಪರದೆ ಮುಂದೆ ಮೇಜು ಇಡುತ್ತೇನೆ. ಮೊದಲು ನಾಲ್ಕು ಸುತ್ತು ಚೀಟಿ ಎತ್ತಿ, ಎಳೆದುಕೊಂಡು, ಕತ್ತರಿಸಿ, ಕೊಟ್ಟು ತೋರಿಸುತ್ತೇನೆ. ಬಂದವರಿಗೆ 17ರ ಚಿತ್ರ ಕೊಟ್ಟು ಎಷ್ಟು ಅಂತ ಕೇಳುತ್ತೇನೆ. ಲೆಕ್ಕ ಸರಿ ನೋಡಲು ಅಕ್ಕನ ಮಗಳು ಬರುತ್ತೇನೆ ಅಂದಿದ್ದಾಳೆ. ದೀಪ ಆರಿಸುವುದು ಆಮೇಲೆ.