ಯಾರದೋ ಪುಸ್ತಕ ಯಾರೋ ಕದ್ದರೆ ಸರ್ಕಾರಕ್ಕೇನು?

ನಾನು ಸರ್ಕಾರಿ ವಕೀಲೆ ಅಂತ ಗೊತ್ತಾದ ತಕ್ಷಣ ಜನ ಕೊಲೆ ಕೇಸಿನ ಕಥೆ ಕೇಳಲು ಹತ್ತಿರ ಬರುತ್ತಾರೆ. ಜಾಸ್ತಿ ನೋಡುವುದು ಕಾಪಿರೈಟ್ ಕೇಸು ಅಂದರೆ ಒಂದು ಕ್ಷಣ ಸುಮ್ಮನಾಗುತ್ತಾರೆ. ಆಮೇಲೆ ಆ ಪ್ರಶ್ನೆ ಬಂದೇ ಬರುತ್ತದೆ. ಮೊನ್ನೆ ಮದುವೆ ಮನೆಯಲ್ಲಿ ಚಿಕ್ಕಮ್ಮ ಎಲೆ ಮುಂದೆ ಕೂತು ಕೇಳಿದರು: “ಅಲ್ಲ ಕಣೇ, ಒಬ್ರು ಬರೆದ ಪುಸ್ತಕ ಇನ್ನೊಬ್ರು ಅಚ್ಚು ಹಾಕ್ಕೊಂಡ್ರೆ ಅದು ಅವರಿಬ್ರ ಜಗಳ. ಅದಕ್ಕೆ ಸರ್ಕಾರ ಯಾಕೆ ವಕೀಲರನ್ನ ಇಟ್ಕೊಂಡು ಸಂಬಳ ಕೊಡ್ಬೇಕು?”

ಊಟದ ಮಧ್ಯೆ ಪೂರ್ತಿ ಉತ್ತರ ಕೊಡಲು ಆಗಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ನಾನು ಸಹಾಯಕ ಸರ್ಕಾರಿ ಅಭಿಯೋಜಕಿ. ಕೋರ್ಟಿನಲ್ಲಿ ಎಲ್ಲರೂ ಎಪಿಪಿ ಅನ್ನುತ್ತಾರೆ. ಪೊಲೀಸರು ಚಾರ್ಜ್‌ಶೀಟ್ ಹಾಕಿದ ಕೇಸುಗಳನ್ನು ಮ್ಯಾಜಿಸ್ಟ್ರೇಟ್ ಮುಂದೆ ಸರ್ಕಾರದ ಪರವಾಗಿ ನಡೆಸುತ್ತೇನೆ. ಕಾಪಿರೈಟಿಗೆ ಅಂತಲೇ ಬೇರೆ ಹುದ್ದೆ ಇಲ್ಲ. ಕಳ್ಳತನ, ಹೊಡೆದಾಟ, ಅಪಘಾತ ಎಲ್ಲವೂ ನನ್ನ ಮೇಜಿಗೆ ಬರುತ್ತವೆ. ಆದರೆ ಬಹಳ ಹಿಂದೆ ಒಂದು ಕಾಪಿರೈಟ್ ಕೇಸು ಸೋತೆ. ಸೋತ ಮೇಲೆ ಆ ಕಾಯ್ದೆಯನ್ನು ಹಿಡಿದು ಕೂತು ಓದಿದೆ. ಅಲ್ಲಿಂದ ಈಚೆಗೆ ಅಂಥ ಫೈಲು ಬಂದರೆ ಜೊತೆಯವರು ನನ್ನ ಕಡೆ ಕೈ ತೋರಿಸುತ್ತಾರೆ.

ಚಿಕ್ಕಮ್ಮ ಹೇಳಿದ್ದು ಅರ್ಧ ನಿಜ. ಕಾಪಿರೈಟ್ ಜಗಳಗಳಲ್ಲಿ ಎಷ್ಟೋ ಸಿವಿಲ್ ದಾವೆಗಳು. ಅಲ್ಲಿ ನನಗೆ ಕೆಲಸವಿಲ್ಲ. ನಮ್ಮ ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಯ ವಿಷಯ ನೋಡಿ. ಕಾರಂತರು ತೀರಿಕೊಂಡಿದ್ದು 1997ರಲ್ಲಿ. 2001ರಲ್ಲಿ ದೆಹಲಿಯಲ್ಲಿ ಆದ ಒಂದು ಪ್ರದರ್ಶನದಿಂದ ಜಗಳ ಶುರುವಾಯಿತು. ಅವರ ಉಯಿಲಿನ ಪ್ರಕಾರ ಹಕ್ಕು ಪಡೆದವರು ಉಡುಪಿಯಲ್ಲಿ ದಾವೆ ಹಾಕಿದರು. ಅದು ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್ ಮುಟ್ಟಿ, ತೀರ್ಪು ಬಂದಾಗ 2009. ಅಷ್ಟು ವರ್ಷ ಎರಡೂ ಕಡೆಯವರು ಸ್ವಂತ ವಕೀಲರನ್ನು ಇಟ್ಟುಕೊಂಡು, ಸ್ವಂತ ಖರ್ಚಿನಲ್ಲಿ ಓಡಾಡಿದರು. ಅದು ಸಿವಿಲ್ ದಾರಿ. ಯಾವುದು ಯಾರ ಕಲ್ಪನೆ, ಎಷ್ಟು ಹಳೆಯದು, ಎಷ್ಟು ಹೊಸದು ಅಂತ ಕೂತು ಬಿಡಿಸಬೇಕಾದ ಗಂಟುಗಳಿಗೆ ಅದೇ ಸರಿಯಾದ ದಾರಿ.

ಆದರೆ 1957ರ ಕಾಪಿರೈಟ್ ಕಾಯ್ದೆಯಲ್ಲಿ ಇನ್ನೊಂದು ದಾರಿಯೂ ಇದೆ. ಸೆಕ್ಷನ್ 63. ಗೊತ್ತಿದ್ದೂ ಇನ್ನೊಬ್ಬರ ಕಾಪಿರೈಟ್ ಮುರಿದರೆ ಅದು ಅಪರಾಧ. ಕನಿಷ್ಠ ಆರು ತಿಂಗಳು ಜೈಲು, ಹೆಚ್ಚೆಂದರೆ ಮೂರು ವರ್ಷ. ದಂಡ 50,000 ರೂಪಾಯಿಯಿಂದ 2 ಲಕ್ಷದವರೆಗೆ. ಹೀಗೆ ಕೇಸು ಬಿದ್ದಾಗ ಫೈಲಿನ ಮೇಲೆ ‘ಕರ್ನಾಟಕ ರಾಜ್ಯ’ ಅಂತ ಇರುತ್ತದೆ, ಲೇಖಕರ ಹೆಸರು ಇರುವುದಿಲ್ಲ. ಲೇಖಕರು ಅಲ್ಲಿ ದೂರುದಾರರು, ಸಾಕ್ಷಿ ಅಷ್ಟೇ. ಕೇಸು ನಡೆಸುವ ಹೊಣೆ ಸರ್ಕಾರದ್ದು.

ಯಾಕೆ ಹೀಗೆ ಮಾಡಿದ್ದಾರೆ ಅನ್ನುವುದು ನನಗೆ ಪುಸ್ತಕದಿಂದ ತಿಳಿದದ್ದಕ್ಕಿಂತ ಒಬ್ಬ ಮೇಷ್ಟ್ರಿಂದ ತಿಳಿದದ್ದೇ ಜಾಸ್ತಿ. ಅವರ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಹೇಳುತ್ತೇನೆ.

ಮೇಷ್ಟ್ರು ತಾಲ್ಲೂಕು ಊರೊಂದರಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು. ಸ್ಪರ್ಧಾತ್ಮಕ ಪರೀಕ್ಷೆ ಬರೆಯುವ ಹುಡುಗರಿಗೆ ಒಂದು ವ್ಯಾಕರಣ ಪುಸ್ತಕ ಬರೆದರು. ಪಿಂಚಣಿ ದುಡ್ಡಿನಲ್ಲಿ 1,000 ಪ್ರತಿ ಅಚ್ಚು ಹಾಕಿಸಿದರು. ಬೆಲೆ 250 ರೂಪಾಯಿ. ಮೊದಲ 300 ಬೇಗ ಹೋದವು. ಆಮೇಲೆ ಇದ್ದಕ್ಕಿದ್ದ ಹಾಗೆ ಅಂಗಡಿಯವರು ಕೇಳುವುದನ್ನೇ ನಿಲ್ಲಿಸಿದರು. ಕೋಚಿಂಗ್ ಸೆಂಟರ್‌ಗಳಿರುವ ಬೀದಿಯಲ್ಲಿ ಒಬ್ಬ ಹುಡುಗ ಅವರ ಕೈಗೆ ಒಂದು ಸ್ಪೈರಲ್ ಬೈಂಡಿಂಗ್ ನೋಟ್ಸ್ ಕೊಟ್ಟ. 90 ರೂಪಾಯಿ. ಮುಖಪುಟದಲ್ಲಿ ಬೇರೆಯವರ ಹೆಸರು. ಒಳಗೆ ಮೇಷ್ಟ್ರ ಪುಸ್ತಕವನ್ನೇ ಹೊಸದಾಗಿ ಟೈಪ್ ಮಾಡಿಸಿ ಹಾಕಿದ್ದರು.

ಮೇಷ್ಟ್ರು ಸಿವಿಲ್ ದಾವೆ ಹಾಕಬಹುದಿತ್ತು. ಲೇಖಕ ಇರುವ ಊರಿನ ಜಿಲ್ಲಾ ಕೋರ್ಟಿನಲ್ಲೇ ಹಾಕಬಹುದು ಅಂತ ಸೆಕ್ಷನ್ 62 ಹೇಳುತ್ತದೆ. ಒಳ್ಳೆಯ ಅನುಕೂಲ ಅದು. ಆದರೆ 700 ಪುಸ್ತಕ ಮನೆಯ ಅಟ್ಟದಲ್ಲಿ ಕೂತಿವೆ, ಹಾಕಿದ ದುಡ್ಡು ಬಂದಿಲ್ಲ. ಅಂಥವರು ವಕೀಲರ ಫೀಸಿಗೆ ಎಲ್ಲಿಂದ ತರಬೇಕು? ದೊಡ್ಡ ಕಂಪನಿಗಳಿಗೆ ಕಾನೂನು ವಿಭಾಗಗಳೇ ಇರುತ್ತವೆ. ಮೇಷ್ಟ್ರಿಗೆ ಇದ್ದದ್ದು ಪೊಲೀಸ್ ಠಾಣೆ ಒಂದೇ. ಠಾಣೆಗೆ ಹೋದರು. ದೂರು ತೆಗೆದುಕೊಂಡರು. ಕೇಸು ನನ್ನ ಕೋರ್ಟಿಗೆ ಬಂತು.

ಅಷ್ಟು ಹೊತ್ತಿಗೆ ನಾನು ಆ ಹಳೇ ಕೇಸು ಸೋತು ಪಾಠ ಕಲಿತಿದ್ದೆ. ಅದೂ ಪುಸ್ತಕದ ಕೇಸೇ. ಜೆರಾಕ್ಸ್ ಮಾಡಿ ಬೈಂಡ್ ಮಾಡಿದ ಪ್ರತಿಗಳು. ಒತ್ತಕ್ಷರಗಳೆಲ್ಲ ಮಸಿ ತುಂಬಿ ಮುಚ್ಚಿಹೋಗಿದ್ದವು, ಪ್ರತಿ ಪುಟದ ಎಡ ಅಂಚಿನಲ್ಲಿ ಕಪ್ಪು ಗೆರೆ. ಕಣ್ಣಿಗೆ ಕಾಣುವ ನಕಲು. ಆದರೂ ಆರೋಪಿ ಬಿಡುಗಡೆಯಾದ. ಯಾಕೆ ಗೊತ್ತಾ? ತನಿಖೆ ಮಾಡಿದವರು ನಕಲು ಪ್ರತಿಗಳನ್ನು ಮೂಟೆಗಟ್ಟಲೆ ತಂದಿದ್ದರು, ಅಸಲಿ ಪುಸ್ತಕ ಒಂದನ್ನೂ ಫೈಲಿಗೆ ಹಾಕಿರಲಿಲ್ಲ. ಯಾವುದರ ನಕಲು ಅಂತ ಕೋರ್ಟಿಗೆ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಮಹಜರಿಗೆ, ಅಂದರೆ ಜಪ್ತಿಯ ದಾಖಲೆಗೆ, ಸಾಕ್ಷಿಗಳಾಗಿ ಸಹಿ ಹಾಕಿದ ಪಂಚರು ಕಟಕಟೆಯಲ್ಲಿ ನಿಂತು, “ಪೊಲೀಸರು ಸಹಿ ಹಾಕು ಅಂದ್ರು ಸ್ವಾಮಿ, ಹಾಕಿದೆ” ಅಂದುಬಿಟ್ಟರು. ಅವರೂ ತಿರುಗಿಬಿದ್ದರು. ಫೈಲು ಬಂದ ದಿನವೇ ನಾನು ಅದನ್ನು ಸರಿಯಾಗಿ ಓದಿದ್ದರೆ ಅಸಲಿ ಪುಸ್ತಕವನ್ನಾದರೂ ಕೇಳಿ ತರಿಸಬಹುದಿತ್ತು. ಆ ತಪ್ಪು ನನ್ನದು.

ಮೇಷ್ಟ್ರ ಕೇಸಿನಲ್ಲಿ ಮೊದಲ ದಿನವೇ ಅಸಲಿ ಮತ್ತು ನಕಲಿ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತೆ. ಆರೋಪಿ ಕಡೆಯ ವಕೀಲರು ಏನು ವಾದ ಮಾಡುತ್ತಾರೆ ಅಂತ ಗೊತ್ತಿತ್ತು. ಹಾಗೇ ಮಾಡಿದರು. ಪಾಟೀ ಸವಾಲಿನಲ್ಲಿ ಮೇಷ್ಟ್ರನ್ನು ಕೇಳಿದರು: “ಸಂಧಿ, ಸಮಾಸ ಎಲ್ಲ ನೀವು ಕಂಡುಹಿಡಿದಿದ್ದಾ? ಕೇಶಿರಾಜನ ಕಾಲದಿಂದ ಇರೋ ವ್ಯಾಕರಣಕ್ಕೆ ನಿಮ್ಮ ಕಾಪಿರೈಟಾ?”

ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ವಿಷಯಕ್ಕೆ, ವಿಚಾರಕ್ಕೆ ಕಾಪಿರೈಟ್ ಇಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಇದೆ ಅಂತ ಸುಪ್ರೀಂ ಕೋರ್ಟ್ 1978ರಲ್ಲೇ ಆರ್.ಜಿ. ಆನಂದ್ ಕೇಸಿನಲ್ಲಿ ಹೇಳಿದೆ. ಶಬ್ದಮಣಿದರ್ಪಣ ಬರೆದವನ ಆಸ್ತಿ ಕನ್ನಡಿಗರೆಲ್ಲರದು. ಲೋಪ ಸಂಧಿಯ ನಿಯಮ ಯಾರು ಬೇಕಾದರೂ ಬರೆಯಬಹುದು. ಮೇಷ್ಟ್ರು ಶಾಂತವಾಗಿ, “ಇಲ್ಲ ಸರ್, ವ್ಯಾಕರಣ ನನ್ನದಲ್ಲ. ಉದಾಹರಣೆಗಳು ನನ್ನವು” ಅಂದರು.

ಆಗ ನನಗೆ ನೆರವಿಗೆ ಬಂದದ್ದು 112ನೇ ಪುಟ. ಅಲ್ಲಿ ಲೋಪ ಸಂಧಿಯ ಉದಾಹರಣೆಗಳ ಪಟ್ಟಿಯಲ್ಲಿ ಐದನೆಯದು ‘ಮಳೆಗಾಲ’. ಮಳೆಗಾಲ ಲೋಪ ಸಂಧಿ ಅಲ್ಲ, ಆದೇಶ ಸಂಧಿ. ಹೈಸ್ಕೂಲಿನ ಮಕ್ಕಳಿಗೂ ಗೊತ್ತಿರುವ ವಿಷಯ. ಅಚ್ಚಾಗುವಾಗ ಕೆಳಗಿನ ಪಟ್ಟಿಯ ಪದ ಮೇಲಿನ ಪಟ್ಟಿಗೆ ಸೇರಿಬಿಟ್ಟಿತ್ತು. ನಕಲಿ ನೋಟ್ಸಿನಲ್ಲೂ ಲೋಪ ಸಂಧಿಯ ಪಟ್ಟಿ, ಐದನೇ ಪದ, ಮಳೆಗಾಲ. ನಿಯಮ ಎಲ್ಲರದೂ ಒಂದೇ ಇರಬಹುದು. ತಪ್ಪೂ ಅದೇ ಜಾಗದಲ್ಲಿ, ಅದೇ ಪದದಲ್ಲಿ ಆಗಬೇಕಾದರೆ? ಎರಡೂ ಪುಟಗಳನ್ನು ಪುರಾವೆಯಾಗಿ ನಿಶಾನೆ ಮಾಡಿಸಿ ಮ್ಯಾಜಿಸ್ಟ್ರೇಟರ ಮುಂದೆ ಇಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು. ಮತ್ತೆ ಮೊದಲನೆಯದನ್ನು ನೋಡಿದರು.

ಇಷ್ಟಾದರೂ ಮುಗಿಯಲಿಲ್ಲ. ಕಾಯ್ದೆಯಲ್ಲಿ ‘ಗೊತ್ತಿದ್ದೂ’ ಅನ್ನುವ ಮಾತಿದೆಯಲ್ಲ, ಅದನ್ನು ಸಾಬೀತು ಮಾಡಬೇಕು. ಎಷ್ಟೋ ಕೇಸು ಸೋಲುವುದು ಇಲ್ಲೇ. “ಯಾರೋ ತಂದುಕೊಟ್ಟರು, ಮಾರಿದೆ, ನನಗೇನು ಗೊತ್ತು” ಅಂದರೆ ಉತ್ತರ ಬೇಕು. ಪುಣ್ಯಕ್ಕೆ ಮೇಷ್ಟ್ರು ಠಾಣೆಗೆ ಹೋಗುವ ಮುಂಚೆ ಆ ನೋಟ್ಸ್ ಮಾರುತ್ತಿದ್ದ ಅಂಗಡಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಒಂದು ಕಾಗದ ಬರೆದಿದ್ದರು. ‘ಇದು ನನ್ನ ಪುಸ್ತಕ, ದಯವಿಟ್ಟು ಮಾರಬೇಡಿ’ ಅಂತ ನಾಲ್ಕು ಸಾಲು. ಸಹಿಯಾಗಿ ವಾಪಸ್ ಬಂದ ಅಕ್ನಾಲೆಡ್ಜ್‌ಮೆಂಟ್ ಕಾರ್ಡನ್ನು ಎಲ್‌ಐಸಿ ರಸೀದಿಗಳ ಜೊತೆ ಜೋಪಾನವಾಗಿ ಇಟ್ಟಿದ್ದರು. ಕಾಗದ ತಲುಪಿದ ಎರಡು ತಿಂಗಳ ಮೇಲೆ ನಡೆದ ಮಹಜರಿನಲ್ಲಿ 140 ಪ್ರತಿ ಸಿಕ್ಕಿದ್ದವು. ಬರೆಯುವವರಿಗೆ ನಾನು ಯಾವಾಗಲೂ ಹೇಳುವ ಮಾತು ಇದು: ಕಾಪಿರೈಟ್ ನೋಂದಣಿ ಕಡ್ಡಾಯವಲ್ಲ, ಬರೆದ ಕ್ಷಣದಿಂದ ಹಕ್ಕು ನಿಮ್ಮದೇ. ನೋಂದಣಿ ಇದ್ದರೆ ಪುರಾವೆಗೆ ಅನುಕೂಲ. ಆದರೆ ಕೈಬರಹದ ಪ್ರತಿ, ಪ್ರೆಸ್ಸಿನ ಬಿಲ್ಲು, ಕಳಿಸಿದ ಕಾಗದ ಯಾವುದನ್ನೂ ಬಿಸಾಡಬೇಡಿ.

ಈಗ ಪ್ರಶ್ನೆಯ ಇನ್ನೊಂದು ಮುಖ. “ಹಾಗಾದ್ರೆ ನೀವು ಪ್ರಕಾಶಕರ, ಕಂಪನಿಗಳ ವಕೀಲರೇ ಅಲ್ವಾ?” ಅಂತಲೂ ಕೇಳುತ್ತಾರೆ. ಅಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಸೆಕ್ಷನ್ 63 ಬಹಳ ಹರಿತವಾದ ಕತ್ತಿ. ಮೊದಲು ಈ ಅಪರಾಧಕ್ಕೆ ಜಾಮೀನು ತಾನಾಗಿ ಸಿಗುತ್ತದೋ ಇಲ್ಲವೋ ಅನ್ನುವುದರಲ್ಲೇ ಹೈಕೋರ್ಟುಗಳ ನಡುವೆ ಒಮ್ಮತ ಇರಲಿಲ್ಲ. ಶಿಕ್ಷೆ ಮೂರು ವರ್ಷದವರೆಗೆ ಹೋಗಬಹುದು ಅಂದಮೇಲೆ ಅದು ಗಂಭೀರ ಸಾಲಿಗೆ ಸೇರುತ್ತದೆ ಅಂತ 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ನಿಟ್ ಪ್ರೊ ಕೇಸಿನಲ್ಲಿ ತೀರ್ಮಾನ ಮಾಡಿತು. ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು, ಜಾಮೀನು ಕೊಡುವುದು ಕೋರ್ಟಿನ ವಿವೇಚನೆ. ಸಬ್ ಇನ್‌ಸ್ಪೆಕ್ಟರ್ ಮತ್ತು ಮೇಲಿನವರು ವಾರಂಟ್ ಇಲ್ಲದೆ ಮಾಲು ಜಪ್ತಿ ಮಾಡುವ ಅಧಿಕಾರ ಸೆಕ್ಷನ್ 64ರಲ್ಲಿ ಮೊದಲೇ ಇತ್ತು. ಕಾಯ್ದೆಯ ಭಾಷೆಯಲ್ಲಿ ‘ಪ್ಲೇಟ್’ ಅಂದರೆ ನಕಲು ತೆಗೆಯುವ ಯಂತ್ರವೂ ಸೇರುತ್ತದೆ. ಒಬ್ಬ ಜೆರಾಕ್ಸ್ ಅಂಗಡಿಯವನ ಮೆಷಿನ್ ಎತ್ತಿಕೊಂಡು ಹೋದರೆ ಅವನ ಮನೆಯ ಒಲೆ ಆರಿದ ಹಾಗೆ. ಅಂಥವನು 15 ದಿನದೊಳಗೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ ವಾಪಸ್ ಕೇಳಬಹುದು. ಇದು ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ.

ಒಮ್ಮೆ ಒಂದು ದೊಡ್ಡ ಪ್ರಕಾಶನದ ಪ್ರತಿನಿಧಿ ಠಾಣಾಧಿಕಾರಿಯನ್ನು ಕರೆದುಕೊಂಡು ನನ್ನ ಕೊಠಡಿಗೆ ಬಂದರು. ಕಾಲೇಜಿನ ಪಕ್ಕದ ಅಂಗಡಿಯಲ್ಲಿ ವಿದ್ಯಾರ್ಥಿಗಳು ನಮ್ಮ ಪ್ರಕಾಶನದ ಪುಸ್ತಕದ ಅಧ್ಯಾಯಗಳನ್ನು ಜೆರಾಕ್ಸ್ ಮಾಡಿಸುತ್ತಿದ್ದಾರೆ, ಕೇಸು ಹಾಕಬೇಕು ಅಂತ. ನೋಡಿದೆ. ಆ ಕಾಲೇಜಿನ ಅಧ್ಯಾಪಕರು ಪಾಠಕ್ಕೆ ಓದಿಕೊಂಡು ಬರಲು ಹೇಳಿದ್ದ ಒಂದು ಅಧ್ಯಾಯ. ಲೈಬ್ರರಿಯಲ್ಲಿ ಇದ್ದದ್ದು ಎರಡೇ ಪ್ರತಿ. ಹುಡುಗರು ತಮ್ಮ ಓದಿಗೆ ತೆಗೆಸಿಕೊಂಡಿದ್ದರು. ಸ್ವಂತ ಓದಿಗೆ, ಪಾಠಕ್ಕೆ ನಕಲು ತೆಗೆದರೆ ಅದು ಕಾಪಿರೈಟ್ ಮುರಿದ ಹಾಗಲ್ಲ ಅಂತ ಸೆಕ್ಷನ್ 52 ಹೇಳುತ್ತದೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಕೇಸಿನಲ್ಲಿ 2016ರಲ್ಲಿ ದೆಹಲಿ ಹೈಕೋರ್ಟೂ ಪಾಠಕ್ಕೆ ಬೇಕಾದ ನಕಲಿನ ಪರವಾಗಿಯೇ ನಿಂತಿತು. ಇದು ಕೇಸಾಗುವುದಿಲ್ಲ ಅಂತ ಅಭಿಪ್ರಾಯ ಬರೆದುಕೊಟ್ಟೆ. ಪ್ರತಿನಿಧಿಗೆ ಸಿಟ್ಟು ಬಂತು. “ನೀವು ಸರ್ಕಾರಿ ವಕೀಲರು ಮೇಡಂ, ನಮ್ಮ ಕಡೆ ಇರಬೇಕಲ್ವಾ?” ಅಂದರು.

ನಾನು ಕಾಯ್ದೆಯ ಕಡೆ. ಆ ಕಾಯ್ದೆಯಲ್ಲಿ ಲೇಖಕನ ಪಾಲೂ ಇದೆ, ಓದುಗನ ಪಾಲೂ ಇದೆ. ಲೇಖಕ ಬದುಕಿರುವವರೆಗೆ ಮತ್ತು ಆಮೇಲೆ 60 ವರ್ಷ ಹಕ್ಕು ಅವರದ್ದು, ಅವರ ಮನೆಯವರದ್ದು. ಅದಾದ ಮೇಲೆ ಊರಿಗೆಲ್ಲ ಸೇರಿದ್ದು. ಬಿ.ಎಂ.ಶ್ರೀ ತೀರಿಕೊಂಡದ್ದು 1946ರಲ್ಲಿ, ಅವರು ಬರೆದದ್ದನ್ನು ಇವತ್ತು ಯಾರು ಬೇಕಾದರೂ ಅಚ್ಚು ಹಾಕಬಹುದು. ಕೋರ್ಟಿನ ತೀರ್ಪುಗಳನ್ನು, ಕೋರ್ಟೇ ಬೇಡ ಅನ್ನದಿದ್ದರೆ, ಈಗಲೂ ಯಾರು ಬೇಕಾದರೂ ಅಚ್ಚು ಹಾಕಬಹುದು. ಸಾಲದ ವಸೂಲಿಗೆ ಕ್ರಿಮಿನಲ್ ಕೋರ್ಟನ್ನು ಬಳಸುವವರಿದ್ದಾರೆ, ಹಾಗೇ ಪೈಪೋಟಿಯವನನ್ನು ಹೆದರಿಸಲು ಕಾಪಿರೈಟ್ ದೂರು ಕೊಡುವವರೂ ಇದ್ದಾರೆ. ಖಾಸಗಿ ವಕೀಲರಿಗೆ ಕಕ್ಷಿದಾರರ ಪರ ನಿಲ್ಲುವುದೇ ಧರ್ಮ. ನನಗೆ ದೂರುದಾರರು ಕಕ್ಷಿದಾರರಲ್ಲ. ಚಿಕ್ಕಮ್ಮನ ಪ್ರಶ್ನೆಗೆ ನನ್ನ ಉತ್ತರದ ಅರ್ಧ ಭಾಗ ಇಲ್ಲೇ ಇದೆ. ಜೈಲಿಗೆ ಕಳಿಸುವ ಅಧಿಕಾರವನ್ನು ಇಬ್ಬರ ಜಗಳದಲ್ಲಿ ಒಬ್ಬರ ಕೈಗೆ ಕೊಡಬಾರದು. ಮಧ್ಯೆ ಒಬ್ಬರು ನಿಂತು, ಇದು ಹೌದು, ಇದು ಅಲ್ಲ ಅನ್ನಬೇಕು.

ಸಿನಿಮಾದ ಕೇಸುಗಳು ಬೇರೆಯೇ ಥರ, ಅದಕ್ಕೆ ಇನ್ನೊಂದು ದಿನ ಬರೆಯುತ್ತೇನೆ. ಥಿಯೇಟರಿನಲ್ಲಿ ಮೊಬೈಲ್ ಹಿಡಿದು ರೆಕಾರ್ಡ್ ಮಾಡುವವರಿಗೆ 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೇ ತಿದ್ದುಪಡಿ ತಂದು ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಇಟ್ಟಿದ್ದಾರೆ. ಅಲ್ಲಿ ಮೂಟೆ ಇಲ್ಲ, ಮಹಜರಿಗೆ ಸಿಗುವ ಪುಸ್ತಕ ಇಲ್ಲ. ಒಂದು ಪೆನ್‌ಡ್ರೈವ್, ಅದರೊಳಗಿನದು ಬದಲಾಗಿಲ್ಲ ಅಂತ ತೋರಿಸುವ ಹ್ಯಾಶ್ ಸಂಖ್ಯೆ ಬರೆದ ಒಂದು ಪ್ರಮಾಣಪತ್ರ. ಆ ಉದ್ದದ ಸಂಖ್ಯೆಯಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿಯಾದರೂ ಆರೋಪಿ ಕಡೆಯ ವಕೀಲರು ಬಿಡುವುದಿಲ್ಲ. ಬಿಡಲೂಬಾರದು.

ಮೇಷ್ಟ್ರ ಕೇಸಿನಲ್ಲಿ ಆರೋಪಿಗೆ ಆರು ತಿಂಗಳು ಶಿಕ್ಷೆ, 50,000 ರೂಪಾಯಿ ದಂಡ ಆಯಿತು. ಮೇಲ್ಮನವಿಯಲ್ಲೂ ತೀರ್ಪು ಉಳಿಯಿತು. ನಕಲಿ ಪ್ರತಿಗಳನ್ನು ಹಕ್ಕುದಾರರಿಗೇ ಒಪ್ಪಿಸಲು ಸೆಕ್ಷನ್ 66ರಲ್ಲಿ ಅವಕಾಶ ಇದೆ, ಹಾಗೇ ಆದೇಶವಾಯಿತು. ಮೇಷ್ಟ್ರು ಊರಿಂದ ಬೆಳಗಿನ ಬಸ್ಸಿಗೆ ಬಂದರು. ಮಾಲು ಕೊಠಡಿಯಿಂದ ಎರಡು ಗೋಣಿಚೀಲ ಹೊರಗೆ ತಂದಿಟ್ಟರು. ವರ್ಷಗಟ್ಟಲೆ ಕೂತು ಸ್ಪೈರಲ್‌ಗಳೆಲ್ಲ ಒಂದಕ್ಕೊಂದು ಸಿಕ್ಕಿಹಾಕಿಕೊಂಡಿದ್ದವು.

“ಇದನ್ನ ತಗೊಂಡು ಏನು ಮಾಡ್ತೀರಿ ಸರ್?” ಅಂತ ಕೇಳಿದೆ.

“ರದ್ದಿಗೆ ಹಾಕಲ್ಲಮ್ಮ. ಮತ್ತೆ ಅಂಗಡಿಗೆ ಬಂದುಬಿಟ್ರೆ? ಮನೇಲಿ ಹಂಡೆ ಒಲೆ ಇದೆ” ಅಂದರು. ಒಂದು ಪ್ರತಿಯನ್ನು ಬಿಡಿಸಿ ಎಳೆದು, 112ನೇ ಪುಟಕ್ಕೆ ಸಮನಾದ ಹಾಳೆ ಹುಡುಕಿ ತೆಗೆದರು. ಜೇಬಿನಿಂದ ಕೆಂಪು ಪೆನ್ನು ತೆಗೆದು ‘ಮಳೆಗಾಲ’ವನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಊರೂರು’ ಅಂತ ಬರೆದು, ಆ ಒಂದು ಪ್ರತಿಯನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದರು.