ಮೈಸೂರು–ಬೆಂಗಳೂರು ಹೆದ್ದಾರಿಗೆ ಇಳಿಯುವ ಮುನ್ನ ಚಕ್ರದ ತೂಕ ನೋಡಿಸಿ

ಮೈಸೂರಿನೊಳಗೆ ಓಡಾಡುವ ಕಾರು 50 ಕಿ.ಮೀ. ವೇಗ ದಾಟುವುದೇ ಅಪರೂಪ. ಚಕ್ರದ ಒಂದು ಕಡೆ ತೂಕ ಹೆಚ್ಚಿದ್ದರೂ ಆ ವೇಗದಲ್ಲಿ ಕೈಗೆ ತಿಳಿಯುವುದಿಲ್ಲ. ಶ್ರೀರಂಗಪಟ್ಟಣದ ಬೈಪಾಸ್ ಮುಗಿಸಿ ಗಣಂಗೂರು ಟೋಲ್ ದಾಟಿ ವೇಗ 80ಕ್ಕೆ ಏರಿದಾಗ ಸ್ಟೇರಿಂಗ್ ಸಣ್ಣಗೆ ಅದುರತೊಡಗುತ್ತದೆ, 90ರಲ್ಲಿ ಅಂಗೈ ಜುಮ್ಮೆನ್ನುತ್ತದೆ. ರಸ್ತೆ ಸರಿಯಿಲ್ಲ ಎಂದುಕೊಂಡು ಹಾಗೇ ಬೆಂಗಳೂರು ಮುಟ್ಟುವವರೇ ಹೆಚ್ಚು. ಹಾಗೆ ಮಾಡಬೇಡಿ. ಈ ದಾರಿಯಲ್ಲಿ ಗರಿಷ್ಠ ವೇಗ 100 ಕಿ.ಮೀ.; ಬ್ಯಾಲೆನ್ಸ್ ತಪ್ಪಿದ ಚಕ್ರ ಅತಿ ಹೆಚ್ಚು ಕಾಡುವುದು 80ರಿಂದ 110ರ ನಡುವೆ. ಅಂದರೆ ಹೆಚ್ಚುಕಡಿಮೆ ಪ್ರಯಾಣದುದ್ದಕ್ಕೂ ಕಾರು ಆ ಕೆಟ್ಟ ವೇಗದಲ್ಲೇ ಇರುತ್ತದೆ.

ಲೆಕ್ಕ ಹಾಕಿ ನೋಡಿ. 14 ಇಂಚಿನ ರಿಮ್ಮಿನ ಅಂಚಿನಲ್ಲಿ ಬರೀ 30 ಗ್ರಾಂ ಹೆಚ್ಚಿದೆ ಎನ್ನೋಣ. 100 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 15 ಸುತ್ತು ತಿರುಗುತ್ತದೆ. ಆಗ ಆ 30 ಗ್ರಾಂ ಚಕ್ರವನ್ನು ಹೊರಕ್ಕೆ ಎಳೆಯುವ ಬಲ ಸುಮಾರು ನಾಲ್ಕೂವರೆ ಕೆ.ಜಿ. ಭಾರಕ್ಕೆ ಸಮ. ವೇಗ 50ಕ್ಕೆ ಇಳಿದರೆ ಬಲ ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ಊರೊಳಗೆ ತಿಳಿಯದ ದೋಷ ಹೆದ್ದಾರಿಯಲ್ಲಿ ಎದ್ದು ಕಾಣುವುದು ಇದಕ್ಕೇ. ಸೆಕೆಂಡಿಗೆ 15 ಬಾರಿ ಬೀಳುವ ಆ ಪೆಟ್ಟನ್ನು ವೀಲ್ ಬೇರಿಂಗ್, ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್, ಶಾಕ್ ಅಬ್ಸಾರ್ಬರ್ ಎಲ್ಲವೂ ತಿನ್ನುತ್ತವೆ. ಟೈರಿನ ಮೈಮೇಲೆ ಅಲ್ಲಲ್ಲಿ ತಗ್ಗುತಗ್ಗಾಗಿ ಸವೆತ ಬಿದ್ದರೆ ಆಮೇಲೆ ಬ್ಯಾಲೆನ್ಸ್ ಮಾಡಿಸಿದರೂ ಗುಂಯ್‌ಗುಡುವ ಸದ್ದು ಹೋಗುವುದಿಲ್ಲ.

ನಡುಕ ಎಲ್ಲಿಂದ ಬರುತ್ತಿದೆ ಎಂದು ಮೊದಲು ಗಮನಿಸಿ. ಸ್ಟೇರಿಂಗ್ ಅದುರಿದರೆ ಮುಂದಿನ ಚಕ್ರಗಳು, ಸೀಟು ಮತ್ತು ಕಾಲಡಿ ಅದುರಿದರೆ ಸಾಮಾನ್ಯವಾಗಿ ಹಿಂದಿನವು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಅದು ಬ್ರೇಕ್ ಡಿಸ್ಕಿನ ತೊಂದರೆ. ಕಾರು ಒಂದು ಪಕ್ಕಕ್ಕೆ ಎಳೆದರೆ ಟೈರಿನ ಗಾಳಿ ನೋಡಿ, ಅದು ಸರಿಯಿದ್ದರೆ ಅಲೈನ್‌ಮೆಂಟ್ ಮಾಡಿಸಿ. ಅಲೈನ್‌ಮೆಂಟ್ ಎಂದರೆ ಚಕ್ರ ನಿಲ್ಲುವ ಕೋನ, ಬ್ಯಾಲೆನ್ಸಿಂಗ್ ಎಂದರೆ ರಿಮ್ಮಿಗೆ ತೂಕದ ಸಣ್ಣ ತುಂಡು ಕೂರಿಸಿ ಚಕ್ರದ ತೂಕವನ್ನು ಸುತ್ತಲೂ ಸಮ ಮಾಡುವುದು. ಅಂಗಡಿಯಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಒಂದನ್ನು ಮಾಡಿಸಿದರೆ ಇನ್ನೊಂದು ತಾನಾಗಿ ಸರಿಹೋಗುವುದಿಲ್ಲ.

ಕೆಲಸವನ್ನು ಹೊರಡುವ ದಿನ ಬೆಳಗ್ಗೆಗೆ ಇಟ್ಟುಕೊಳ್ಳಬೇಡಿ, ಎರಡು ದಿನ ಮೊದಲೇ ಮುಗಿಸಿ. ಮಾಡುವಾಗ ಪಕ್ಕದಲ್ಲೇ ನಿಂತು ನೋಡುವುದು ಒಳ್ಳೆಯದು. ಚಕ್ರವನ್ನು ತಿರುಗಿಸಿ ಎಲ್ಲಿ ಎಷ್ಟು ತೂಕ ಬೇಕೆಂದು ತೋರಿಸುವ ಮೆಷಿನ್ನಿಗೆ ಅದನ್ನು ಏರಿಸುವ ಮೊದಲು ರಿಮ್ಮಿನ ಒಳಮೈಯಲ್ಲಿ ಅಂಟಿ ಒಣಗಿದ ಕೆಸರನ್ನು ಕೆರೆದು ತೆಗೆಯಬೇಕು. ಮಂಡ್ಯದ ಕಡೆಯ ನಾಲೆ ಏರಿ, ಕಬ್ಬಿನ ಗದ್ದೆ ದಾರಿಯಲ್ಲಿ ಮಳೆಗಾಲದಲ್ಲಿ ಓಡಾಡಿದ ಕಾರಾದರೆ ಈ ಕೆಸರೇ ಇಡೀ ತೊಂದರೆಗೆ ಕಾರಣವಾಗಿರಬಹುದು. ಟೈರಿನ ಗೀರುಗಳಲ್ಲಿ ಸಿಕ್ಕ ಜಲ್ಲಿ ತೆಗೆಸಿ, ಹಳೆಯ ತೂಕದ ತುಂಡುಗಳನ್ನೂ ಕೀಳಿಸಿ. ಇಷ್ಟು ಮಾಡದೆ ಮೆಷಿನ್ ತಿರುಗಿಸಿದರೆ ಕೆಸರಿಗೆ ಬ್ಯಾಲೆನ್ಸ್ ಮಾಡಿದ ಹಾಗೆ. ಮುಂದಿನ ಮಳೆಗೆ ಕೆಸರು ಉದುರಿತು, ನಡುಕ ಮರಳಿತು.

ಚಕ್ರವನ್ನು ಮೆಷಿನ್ನಿನ ಮೇಲೆ, ಅದರ ನಡುತೂತಿಗೆ ಹೊಂದುವ ಕೋನ್ (ಶಂಕುವಿನಾಕಾರದ ಬಿಲ್ಲೆ) ಹಾಕಿ ಬಿಗಿಯಬೇಕು. ಕೋನ್ ಓರೆ ಕೂತರೆ ಮೆಷಿನ್ ತೋರಿಸುವುದೆಲ್ಲ ಸುಳ್ಳು. ಆಮೇಲೆ ಮೂರು ಅಳತೆ ಕೊಡುತ್ತಾರೆ: ಮೆಷಿನ್ನಿನಿಂದ ರಿಮ್ಮಿಗೆ ಇರುವ ದೂರ, ರಿಮ್ಮಿನ ಅಗಲ, ರಿಮ್ಮಿನ ವ್ಯಾಸ. ಹಿಂದಿನ ಕಾರಿನ ಅಳತೆಯಲ್ಲೇ ನಿಮ್ಮ ಚಕ್ರ ತಿರುಗಿಸಲು ಬಿಡಬೇಡಿ. ಮೆಷಿನ್ ಒಳಬದಿಗೆ ಎಷ್ಟು, ಹೊರಬದಿಗೆ ಎಷ್ಟು ಗ್ರಾಂ ಬೇಕೆಂದು ಬೇರೆಬೇರೆಯಾಗಿ ತೋರಿಸುತ್ತದೆ. ಉಕ್ಕಿನ ರಿಮ್ಮಿಗೆ ಕ್ಲಿಪ್ ಇರುವ ತೂಕವನ್ನು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಅಲಾಯ್ ರಿಮ್ಮಿಗೆ 5, 10 ಗ್ರಾಂಗಳ ಅಂಟುವ ತುಂಡು. ಅಂಟಿಸುವ ಜಾಗ ಒರೆಸಿ ಒಣಗಿಸದಿದ್ದರೆ ಅದು ಮದ್ದೂರು ಮುಟ್ಟುವಷ್ಟರಲ್ಲಿ ಬಿದ್ದುಹೋಗಬಹುದು. ತೂಕ ಕೂರಿಸಿದ ಮೇಲೆ ಇನ್ನೊಮ್ಮೆ ತಿರುಗಿಸಿ ಎರಡೂ ಕಡೆ ಸೊನ್ನೆ ಬರುವುದನ್ನು ಕಣ್ಣಾರೆ ನೋಡಿ. ಕೆಲವು ಕಡೆ ತೂಕಕ್ಕೆ ಗ್ರಾಂ ಲೆಕ್ಕದಲ್ಲಿ ಬೇರೆ ಹಣ ಹಿಡಿಯುತ್ತಾರೆ, ಮೊದಲೇ ಕೇಳಿಕೊಳ್ಳಿ.

ಒಂದೇ ಚಕ್ರಕ್ಕೆ 100 ಗ್ರಾಂ ಹತ್ತಿರ ಬೇಕೆಂದು ಮೆಷಿನ್ ಹೇಳಿದರೆ ತುಂಡಿನ ಮೇಲೆ ತುಂಡು ಅಂಟಿಸಲು ಬಿಡಬೇಡಿ. ಚಕ್ರ ತಿರುಗುವಾಗ ಪಕ್ಕದಿಂದ ದಿಟ್ಟಿಸಿ: ರಿಮ್ ಓಲಾಡಿದರೆ ಗುಂಡಿಗೆ ಬಿದ್ದು ಬಾಗಿದೆ, ಟೈರ್ ಒಂದೆಡೆ ಉಬ್ಬಿದ್ದರೆ ಒಳಗಿನ ನೂಲು ಹರಿದಿದೆ. ಉಬ್ಬಿದ ಟೈರಿನಲ್ಲಿ ಹೆದ್ದಾರಿಗೆ ಹೋಗಲೇಬಾರದು, ಬದಲಿಸಿ. ಎರಡೂ ಚೆನ್ನಾಗಿದ್ದರೆ ಗಾಳಿ ಬಿಟ್ಟು, ರಿಮ್ಮಿನ ಮೇಲೆ ಟೈರನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಬೇಕಾದ ತೂಕ ಎಷ್ಟೋ ಇಳಿಯುತ್ತದೆ. ಹೊಸ ಟೈರಿನ ಮೇಲಿನ ಹಳದಿ ಚುಕ್ಕೆ ಹಗುರವಾದ ಜಾಗದ ಗುರುತು. ಅದು ವಾಲ್ವಿನ ನೇರಕ್ಕೆ ಬರಬೇಕು. ಟ್ಯೂಬ್‌ಲೆಸ್ ಟೈರಿನೊಳಗೆ ಪಂಕ್ಚರ್ ತಡೆಯುವ ದ್ರವ ತುಂಬಿಸಿದ್ದರೆ ಮೆಷಿನ್ನಿನ ಲೆಕ್ಕ ಪ್ರತಿಸಲವೂ ಬದಲಾಗಬಹುದು, ಅದನ್ನು ಮೊದಲೇ ಹೇಳಿಬಿಡಿ.

ಪಂಕ್ಚರಿಗೆ ಟೈರನ್ನು ರಿಮ್ಮಿನಿಂದ ಬಿಚ್ಚಿದ್ದರೆ, ದೊಡ್ಡ ಗುಂಡಿಗೆ ಜೋರಾಗಿ ಬಡಿದಿದ್ದರೆ, ಹೊಸ ಟೈರ್ ಹಾಕಿಸಿದ್ದರೆ ಕಿಲೋಮೀಟರ್ ಲೆಕ್ಕ ನೋಡದೆ ಬ್ಯಾಲೆನ್ಸ್ ಮಾಡಿಸಬೇಕು. ಇಲ್ಲವಾದರೆ 10,000 ಕಿ.ಮೀ.ಗೊಮ್ಮೆ ಟೈರ್ ಅದಲುಬದಲು ಮಾಡಿಸುವಾಗ ಸಾಕು. ಸ್ಟೆಪ್ನಿಯನ್ನು ಮರೆಯಬೇಡಿ.

ದಾರಿಯಲ್ಲೇ ನಡುಕ ಶುರುವಾದರೆ ವೇಗವನ್ನು 60–70ಕ್ಕೆ ಇಳಿಸಿ ಎಡಕ್ಕೆ ಬನ್ನಿ. ಇದ್ದಕ್ಕಿದ್ದಂತೆ ಜೋರಾಗಿ ಬಂದ ನಡುಕವಾದರೆ ಅಪಾಯದ ದೀಪ ಹಾಕಿ, ಸಾಧ್ಯವಾದಷ್ಟು ಬೇಗ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ನೋಡಿ. ನಟ್ ಸಡಿಲಾಗಿರಬಹುದು, ಟೈರ್ ಉಬ್ಬಿರಬಹುದು. ಮುಖ್ಯ ರಸ್ತೆಯ ಪಕ್ಕದಲ್ಲಿ ಟೈರ್ ಅಂಗಡಿ ಸಿಗುವುದಿಲ್ಲ, ಸರ್ವೀಸ್ ರಸ್ತೆಗೇ ಇಳಿಯಬೇಕು. ಮುಖ್ಯ ರಸ್ತೆ ಮಂಡ್ಯ, ಮದ್ದೂರು ಪೇಟೆಗೆ ಇಳಿಯದೆ ಮುಂದೆ ಸಾಗುವುದರಿಂದ ಊರಿನ ಕಡೆಯ ಇಳಿದಾರಿ ತಪ್ಪಿದರೆ ಮುಂದೆ ಬಹಳ ದೂರ ಹೋಗಬೇಕಾಗುತ್ತದೆ.

ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿ.ಮೀ. ಓಡಿದಾಗ ನಟ್‌ಗಳನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ಮೈಸೂರಿನಿಂದ ಹೊರಟವರಿಗೆ ಮದ್ದೂರು ಸರಿಯಾದ ಜಾಗ. ವಡೆ ತಿಂದು ಕಾಫಿ ಕುಡಿಯುವಷ್ಟರಲ್ಲಿ ಚಕ್ರವೂ ತಣಿದಿರುತ್ತದೆ. ಸ್ಪ್ಯಾನರ್ ತೆಗೆದು, ಒಂದಾದ ಮೇಲೆ ಅದರ ಎದುರಿನದು ಎಂಬ ಕ್ರಮದಲ್ಲಿ ನಾಲ್ಕೂ ಚಕ್ರ ನೋಡಿಕೊಂಡು ಮುಂದೆ ಹೊರಡಿ.