ನಗೆಯ ಪಕ್ಷ, ಕಾದಂಬರಿಯ ಪಕ್ಷ

ಹಳೆಯ ವಿದ್ಯಾರ್ಥಿಯಾಗಿ ಕಾಲೇಜಿನ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ, ಪಾಠಪ್ರವಚನಗಳಿಗಿಂತ ಮೊದಲು ನನಗೆ ನೆನಪಾದದ್ದು ತೊಂಬತ್ತರ ದಶಕದ ಉತ್ತರಾರ್ಧದಲ್ಲಿ ಗ್ರಂಥಾಲಯದ ಜಗಲಿಯ ಮೇಲೆ ನಡೆಯುತ್ತಿದ್ದ ನಮ್ಮ ವಾದಗಳು. ವಿಷಯಗಳು ಎರಡೇ: ಕನ್ನಡದ ಅತ್ಯುತ್ತಮ ಹಾಸ್ಯಚಿತ್ರ ಯಾವುದು, ಕನ್ನಡದ ಅತ್ಯುತ್ತಮ ಕಾದಂಬರಿಕಾರ ಯಾರು. ಎರಡಕ್ಕೂ ಉತ್ತರ ಸಿಗಲಿಲ್ಲ; ಸಿಗಬೇಕೆಂಬ ಆತುರವೂ ಯಾರಿಗೂ ಇದ್ದಂತಿರಲಿಲ್ಲ.

ಹಾಸ್ಯಚಿತ್ರದ ವಾದದಲ್ಲಿ ಸಾಕ್ಷ್ಯ ಒದಗಿಸುವುದೇ ದೊಡ್ಡ ತೊಡಕಾಗಿತ್ತು. ಬೇಕೆಂದಾಗ ಚಿತ್ರವನ್ನು ಮತ್ತೆ ನೋಡುವ ಸೌಲಭ್ಯ ಅಂದು ನಮಗಿರಲಿಲ್ಲವಾದ್ದರಿಂದ, ಒಂದು ಸಂಭಾಷಣೆಯನ್ನು ಯಾರು ಯಾರಿಗೆ ಹೇಳಿದರೆಂಬ ತಕರಾರು ಎದ್ದರೆ ಅದು ದೂರದರ್ಶನದಲ್ಲಿ ಆ ಚಿತ್ರ ಮತ್ತೆ ಬರುವವರೆಗೆ ಬಾಕಿ ಉಳಿಯುತ್ತಿತ್ತು. ನಗೆಯ ಪ್ರಸಂಗವನ್ನು ವಿವರಿಸಹೊರಟರೆ ನಗೆ ಅಲ್ಲೇ ಸಾಯುತ್ತದೆ. ಅಭಿನಯಿಸಿ ತೋರಿಸಿದರೆ ಗೆಲ್ಲುವುದು ಚಿತ್ರವಲ್ಲ, ಅಭಿನಯಿಸಿದವನು. ರಸಾಯನಶಾಸ್ತ್ರ ಓದುತ್ತಿದ್ದ ಗೆಳೆಯನೊಬ್ಬ ‘ಗಣೇಶನ ಮದುವೆ’ಯ ವಠಾರದ ಮಾಲೀಕ ರಮಣಮೂರ್ತಿಯಾಗಿ ಮುಖ್ಯಮಂತ್ರಿ ಚಂದ್ರು ಅವರು ಸಿಡಿಮಿಡಿಗೊಳ್ಳುವುದನ್ನು ಎಷ್ಟು ಚೆನ್ನಾಗಿ ಅನುಕರಿಸುತ್ತಿದ್ದನೆಂದರೆ, ಆತ ಎದ್ದು ನಿಂತ ದಿನ ಎದುರು ಪಕ್ಷದವರು ವಾದವನ್ನೇ ಮರೆತು ಇನ್ನೊಮ್ಮೆ, ಇನ್ನೊಮ್ಮೆ ಎಂದು ಪೀಡಿಸುತ್ತಿದ್ದರು.

ಅವನ ಪಕ್ಷದ ವಾದದಲ್ಲಿ ತೂಕವಿತ್ತೆಂದು ಈಗಲೂ ನನಗನ್ನಿಸುತ್ತದೆ. 1954ರ ‘ಬೇಡರ ಕಣ್ಣಪ್ಪ’ದಿಂದ ಮುಂದೆ ನರಸಿಂಹರಾಜು ಅವರ ಹಾಸ್ಯವಿಲ್ಲದ ಚಿತ್ರವನ್ನು ಊಹಿಸುವುದೇ ಕಷ್ಟವೆಂಬಂತಿದ್ದರೂ, ಆ ಕಾಲದ ಬಹಳಷ್ಟು ಚಿತ್ರಗಳಲ್ಲಿ ಹಾಸ್ಯನಟನಿಗೆ ಕಥೆಯ ಪಕ್ಕದಲ್ಲಿ ಬೇರೆಯೇ ಒಂದು ಹಾದಿ ಇರುತ್ತಿತ್ತು, ನಾಯಕ ಅಳುವಾಗ ಪ್ರೇಕ್ಷಕನಿಗೆ ಬಿಡುವು ಕೊಡುವುದು ಅವನ ಕೆಲಸ. ಫಣಿ ರಾಮಚಂದ್ರ ಅವರು 1990ರಲ್ಲಿ ‘ಗಣೇಶನ ಮದುವೆ’ ಮಾಡಿದಾಗ ನಗೆಯ ಹೊರೆ ನೇರವಾಗಿ ನಾಯಕ ಅನಂತ್ ನಾಗ್ ಅವರ ಹೆಗಲೇರಿತು. ಎದುರುಮನೆಯ ಹುಡುಗಿಯೊಡನೆ ಹಗಲೆಲ್ಲ ಜಗಳವಾಡುತ್ತ, ಕಾಣದ ಗಾಯಕಿಯೊಬ್ಬಳಿಗೆ ಪತ್ರ ಬರೆದು ಹಂಬಲಿಸುವ ಗಣೇಶನಿಗೆ ಅವರಿಬ್ಬರೂ ಒಬ್ಬಳೇ ಎಂಬುದು ತಿಳಿಯದಿರುವುದೇ ಅಲ್ಲಿನ ಕಥೆ. ಹಾಸ್ಯವನ್ನು ಕಿತ್ತರೆ ಚಿತ್ರವೇ ಉಳಿಯುವುದಿಲ್ಲ. ನರಸಿಂಹರಾಜು ಪಕ್ಷದವರು ಇದಕ್ಕೆ, ಇಡೀ ಚಿತ್ರವೇ ಕೈಯಲ್ಲಿರುವವನು ನಗಿಸುವುದು ದೊಡ್ಡದೋ, ಸಿಕ್ಕ ನಾಲ್ಕು ನಿಮಿಷದಲ್ಲಿ ನಗಿಸುವವನದು ದೊಡ್ಡದೋ ಎಂದು ಕೇಳುತ್ತಿದ್ದರು. ಈ ಪ್ರಶ್ನೆಯ ಮುಂದೆ ನಾನು ಪಕ್ಷಾಂತರ ಮಾಡಿದ್ದೂ ಉಂಟು.

1997ರಲ್ಲಿ ಎನ್. ಎಸ್. ಶಂಕರ್ ಅವರ ‘ಉಲ್ಟಾ ಪಲ್ಟಾ’ ತೆರೆಕಂಡಾಗ ವಾದಕ್ಕೆ ಹೊಸ ಬಿಸಿ ಬಂತು. ರಮೇಶ್ ಅರವಿಂದ್ ಇಬ್ಬರು, ಕರಿಬಸವಯ್ಯ ಇಬ್ಬರು, ಅದರಿಂದಾಗುವ ಗೊಂದಲ ನೂರು. ಶೇಕ್ಸ್‌ಪಿಯರನ ನಾಟಕದಿಂದ ತಂದ ಕಥೆಗೆ ಸ್ವಂತಿಕೆಯ ಅಂಕ ಕೊಡಲಾಗದೆಂದು ಒಂದು ಗುಂಪು ಹಟ ಹಿಡಿಯಿತು. ಆ ಹಾದಿಯಲ್ಲೇ ಹೋಗುತ್ತಿದ್ದ ಇಂಗ್ಲಿಷ್ ಉಪನ್ಯಾಸಕರು ನಿಂತು ಕೇಳಿಸಿಕೊಂಡು, ಶೇಕ್ಸ್‌ಪಿಯರ್ ಕೂಡ ಅದನ್ನು ರೋಮನ್ ನಾಟಕಕಾರ ಪ್ಲಾಟಸ್‌ನಿಂದ ಎತ್ತಿಕೊಂಡನೆಂದೂ, ಮೂಲದಲ್ಲಿ ಅವಳಿಗಳ ಜೋಡಿ ಒಂದೇ ಇದ್ದು, ಸೇವಕರನ್ನೂ ಅವಳಿಗಳನ್ನಾಗಿಸಿದ್ದು ಶೇಕ್ಸ್‌ಪಿಯರನ ಸೇರ್ಪಡೆಯೆಂದೂ ಹೇಳಿದರು. ಅಂದಿನಿಂದ ‘ರೀಮೇಕ್’ ಎಂಬ ಆರೋಪ ನಮ್ಮ ಜಗಲಿಯಲ್ಲಿ ನಿಲ್ಲಲಿಲ್ಲ.

ಕಾದಂಬರಿಯ ವಾದದ ರೀತಿಯೇ ಬೇರೆ. ಪುಸ್ತಕ ಕಪಾಟಿನಲ್ಲೇ ಇರುತ್ತಿದ್ದುದರಿಂದ ಮಾತು ಹೆಚ್ಚಾದವರಿಗೆ ‘ಪುಟ ತೆಗೆ’ ಎನ್ನುತ್ತಿದ್ದೆವು. ಭೈರಪ್ಪನವರ ಪಕ್ಷ ಸಂಖ್ಯೆಯಲ್ಲಿ ದೊಡ್ಡದು. ಅವರ ಆಯುಧ ‘ಪರ್ವ’. ಮುದಿ ಶಲ್ಯನಿಂದ ಆರಂಭಿಸಿ, ವರ ಶಾಪಗಳ ಹಂಗಿಲ್ಲದೆ ಮಹಾಭಾರತವನ್ನು ಮನುಷ್ಯರ ಕಥೆಯಾಗಿ ಹೇಳಿದ ಆ ಗ್ರಂಥವನ್ನು ಅವರು ಮೇಜಿನ ಮೇಲೆ ಇಟ್ಟರೆ, ಅದರ ಗಾತ್ರಕ್ಕೇ ಅರ್ಧ ಜನ ಸುಮ್ಮನಾಗುತ್ತಿದ್ದರು. ನಾನು ತೇಜಸ್ವಿಯವರ ಪಕ್ಷ. ನನ್ನ ಆಯುಧ ತೆಳ್ಳಗಿನ ‘ಕರ್ವಾಲೊ’. ಕಾಡು ಅಲೆಯುವ ಮಂದಣ್ಣನನ್ನು ಕಥೆ ಹೇಳುವಾತ ಮೊದಮೊದಲು ಕೆಲಸಕ್ಕೆ ಬಾರದವನೆಂದು ನೋಡುತ್ತಾನೆ. ನಾವೂ ಅವನೊಡನೆ ನಗುತ್ತೇವೆ. ವಿಜ್ಞಾನಿ ಕರ್ವಾಲೊ ಅದೇ ಮಂದಣ್ಣನಲ್ಲಿ ಹುಟ್ಟು ಪ್ರಕೃತಿತಜ್ಞನನ್ನು ಕಂಡಾಗ ನಗೆ ದಿಕ್ಕು ಬದಲಿಸಿ, ನಕ್ಕವರ ಕಡೆಗೇ ಹೊರಳುತ್ತದೆ. ಯಾರ ಮೈಕಟ್ಟನ್ನೂ ಬಡತನವನ್ನೂ ಹಂಗಿಸದೆ ಹೀಗೆ ನಗಿಸುವುದು ನಮ್ಮ ಅನೇಕ ಹಾಸ್ಯಚಿತ್ರಗಳಿಗೆ ಸಾಧ್ಯವಾಗಿಲ್ಲ ಎಂಬುದು ನನ್ನ ಅಂದಿನ ವಾದ. ಇಂದಿಗೂ ಅದನ್ನು ಬಿಟ್ಟುಕೊಡಲು ಸಿದ್ಧನಿಲ್ಲ.

ಇತಿಹಾಸ ವಿಭಾಗದ ಗೆಳತಿಯೊಬ್ಬಳು ಒಂದು ದಿನ, ನಿಮ್ಮ ಪಟ್ಟಿಯಲ್ಲಿ ಹೆಂಗಸರೇ ಇಲ್ಲವಲ್ಲ ಎಂದು ಕೇಳಿ, ತ್ರಿವೇಣಿಯವರ ‘ಶರಪಂಜರ’ದ ಕೆಲವು ಪುಟಗಳನ್ನು ಓದಿದಳು. ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಮರಳಿದ ಕಾವೇರಿಯ ಪ್ರತಿಯೊಂದು ಮಾತಿನಲ್ಲೂ ಮನೆಯವರು ಹುಚ್ಚನ್ನು ಹುಡುಕುವ ಭಾಗವದು. ಪುಟ್ಟಣ್ಣ ಕಣಗಾಲರ ಚಿತ್ರವನ್ನಷ್ಟೇ ನೋಡಿದ್ದ ನಮಗೆ, 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ ಲೇಖಕಿ ಇಷ್ಟು ಬರೆದಿದ್ದಾರೆಂದು ಗೊತ್ತೇ ಇರಲಿಲ್ಲ. ಅಂದು ಮರುವಾದ ಬರಲಿಲ್ಲ.

ಎರಡು ವಾದಗಳನ್ನು ಗಂಟು ಹಾಕಿದವನು ಬೀchi ಅವರ ಭಕ್ತನಾಗಿದ್ದ ಒಬ್ಬ ಹಿರಿಯ ವಿದ್ಯಾರ್ಥಿ. ನಗಿಸುವವರು ಗಂಭೀರ ಲೇಖಕರಿಗಿಂತ ಒಂದು ಮೆಟ್ಟಿಲು ಕೆಳಗೆ ಎಂಬ ಮಾತು ಬಂದಾಗ ಅವನು, ಬೀಚಿಯವರನ್ನು ಕನ್ನಡದ ಓದಿಗೆ ಎಳೆತಂದದ್ದೇ ಅನಕೃ ಅವರ ‘ಸಂಧ್ಯಾರಾಗ’ವೆಂದು ನೆನಪಿಸಿ, ಈ ಮೆಟ್ಟಿಲುಗಳನ್ನು ಕಟ್ಟಿದವರು ಯಾರೆಂದು ಕೇಳಿದ. ಆಲನಹಳ್ಳಿಯವರ ‘ಪರಸಂಗದ ಗೆಂಡೆತಿಮ್ಮ’ನನ್ನು ಜಗಲಿಗೆ ತಂದವನೂ ಅವನೇ. ಪೇಟೆಯ ಸಾಮಾನನ್ನು ಹಳ್ಳಿಗೆ ಹೊತ್ತು ತಂದು ಮಾರುವ ಗೆಂಡೆತಿಮ್ಮನ ಕಥೆ ನಗಿಸುತ್ತಲೇ ಸಾಗಿ, ಆ ನಗು ಗಂಟಲಲ್ಲಿ ಸಿಕ್ಕಿಕೊಳ್ಳುವಲ್ಲಿಗೆ ತಂದು ನಿಲ್ಲಿಸುತ್ತದೆ; 1978ರ ಚಿತ್ರದಲ್ಲಿ ಲೋಕೇಶ್ ಅವರೂ ಹಾಗೆಯೇ ಮಾಡುತ್ತಾರೆ. ಅದು ಹಾಸ್ಯವೋ ದುರಂತವೋ ಎಂಬ ವಾದ ಆ ವರ್ಷದ ಪರೀಕ್ಷೆಯವರೆಗೂ ಎಳೆಯಿತು. ಕೊನೆಗೆ ಭಿತ್ತಿಪತ್ರಿಕೆಯಲ್ಲಿ ಎರಡೂ ಪಟ್ಟಿಗಳನ್ನು ಪ್ರಕಟಿಸುವ ಹೊಣೆ ನನ್ನ ಮೇಲೆ ಬಿದ್ದಾಗ, ನಾನು ಗೆಂಡೆತಿಮ್ಮನನ್ನು ಎರಡರಲ್ಲೂ ಸೇರಿಸಿದೆ. ಮರುದಿನ ಎರಡೂ ಪಕ್ಷದವರು ಒಟ್ಟಾಗಿ ಬಂದು ಆಕ್ಷೇಪಣೆ ಸಲ್ಲಿಸಿದರು.